ಜಟ್ಟುವಿನ ದೋಣಿಗೆ ಗೀರು ಬೀಳಲಿಲ್ಲ

ಬನ್ನಿ, ಹತ್ತಿರ ಕೂತುಕೊಳ್ಳಿ. ನಗು ಬಂದರೆ ನಗಿ, ಆದರೆ ಜಟ್ಟುವನ್ನು ಹೀಯಾಳಿಸಬೇಡಿ. ಹೇಳಿದ ಮಾತನ್ನು ಅವನ ಹಾಗೆ ಚಾಚೂ ತಪ್ಪದೆ ನಡೆಸಿದವರು ನಮ್ಮ ಕಡೆ ಇನ್ನೊಬ್ಬರಿಲ್ಲ.

ಶರಾವತಿ ಕಡಲು ಸೇರುವ ಅಳಿವೆಯ ಹತ್ತಿರ ಒಂದು ಕುರ್ವೆ. ಸುತ್ತ ಹೊಳೆ, ನಡುವೆ ನೆಲ. ಅಲ್ಲಿ ತುಳಸಕ್ಕ ಅಂತ ಒಬ್ಬಳು, ಅವಳಿಗೆ ಜಟ್ಟು ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ತೋಳು ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಊರವರೆಲ್ಲ ಅವನನ್ನು ಮಳ್ಳ ಅನ್ನುತ್ತಿದ್ದರು. ತುಳಸಕ್ಕನೂ ಹಣೆ ಚಚ್ಚಿಕೊಂಡು ಅನ್ನುತ್ತಿದ್ದಳು. ಆದರೆ ಇಂಜಿನ್ ಹಿಡಿದು ಕೂತನೋ, ಸುಳಿಯ ಮೇಲೂ ದೋಣಿ ತೊಟ್ಟಿಲಿನ ಹಾಗೆ ಹೋಗುತ್ತಿತ್ತು. ಅದನ್ನು ಕಂಡಾಗೆಲ್ಲ ಅವಳಿಗೆ ಒಳಗೊಳಗೇ ಹೆಮ್ಮೆ.

ಗಂಡನ ಕಾಲದ ಮರದ ದೋಣಿ ಲಡ್ಡಾಗಿ ಕೊಳೆತ ಮೇಲೆ ತುಳಸಕ್ಕ ಕಿವಿಯದು ಕೊರಳಿನದು ಬಿಚ್ಚಿಕೊಟ್ಟು ಹೊಸ ಇಂಜಿನ್ ದೋಣಿ ತಂದಳು. ಫೈಬರಿನದು. ಬಿಳಿ ಮೈ, ಮೊಟ್ಟೆಯ ಹಾಗೆ ನುಣುಪು. ಜನರನ್ನು ಆಚೆ ದಡಕ್ಕೆ ದಾಟಿಸಿದರೆ ಇಬ್ಬರ ಹೊಟ್ಟೆ ತುಂಬಬೇಕು. ದೋಣಿಯ ಮೈ ಒಡೆದರೆ ಇಬ್ಬರೂ ಉಪವಾಸ.

"ತಮಾ, ದೋಣಿಗೆ ಧಕ್ಕೆ ಆಗಬಾರದು, ತಿಳೀತಾ?" ಅಂದಳು ಮಗನಿಗೆ.

"ಹಾಗೇ ಮಾಡ್ತೆ ಆಯಿ!"

ದೋಣಿ ಕಟ್ಟುವ ಕಲ್ಲುಕಟ್ಟೆಗೂ ನಮ್ಮ ಕಡೆ ಧಕ್ಕೆ ಅಂತಲೇ ಹೆಸರು. ಜಟ್ಟು ಜನರನ್ನು ತುಂಬಿಕೊಂಡು ಹೋದ. ಆಚೆ ದಡದ ಧಕ್ಕೆ ಕಂಡಿತು. ಕಂಡದ್ದೇ ತಡ, ದೋಣಿ ತಿರುಗಿಸಿದ!

"ಧಕ್ಕೆಗೆ ಹಚ್ಚೋ ಜಟ್ಟು!"

"ಆಯಿ ಧಕ್ಕೆ ಆಗಬಾರದು ಅಂದಿದ್ದಾಳೆ!"

"ಬಸ್ಸು ಬಂತೋ!"

"ಬರಲಿ!"

"ಬಸ್ಸು ಹೋಯ್ತೋ!"

"ಹೋಗಲಿ!"

ಸುತ್ತು ಹಾಕಿದ, ಸುತ್ತು ಹಾಕಿದ, ಎಲ್ಲರನ್ನೂ ವಾಪಸು ತಂದು ಕುರ್ವೆಯ ಪಕ್ಕ ಮೊಣಕಾಲು ನೀರಿಗೆ ಇಳಿಸಿದ.

"ಅಯ್ಯೋ ಮಳ್ಳಾ!" ಅಂತ ತುಳಸಕ್ಕ ಬಡಬಡಿಸಿದಳು. "ನಾ ಹೇಳಿದ್ದು ಪೆಟ್ಟು ಬೀಳಬಾರದು ಅಂತ! ಧಕ್ಕೆಗೆ ಹಚ್ಚುವಾಗ ದೋಣಿಗೂ ಕಲ್ಲಿಗೂ ನಡುವೆ ಮೆತ್ತಗಿದ್ದದ್ದು ಏನಾದರೂ ಕೊಡಬೇಕು!"

"ಹಾಗೋ? ಹಾಗೇ ಮಾಡ್ತೆ ಆಯಿ!"

ಮಾರನೇ ದಿನ ಅಡುಗೆಯ ಮಂಜಯ್ಯ ಮದುವೆಮನೆಯ ಕೆಲಸ ಮುಗಿಸಿ ಕುರ್ವೆಗೆ ಹೊರಟಿದ್ದರು. ಹೊಟ್ಟೆ ಅಂದರೆ ಹೊಟ್ಟೆ, ಅನ್ನದ ಹಂಡೆಯಷ್ಟು! ಧಕ್ಕೆ ಹತ್ತಿರ ಬಂತು. ಜಟ್ಟು ಹಲಗೆ ಒತ್ತಿದ, ಗಟ್ಟಿ. ಕಾಯಿ ಚೀಲ ಒತ್ತಿದ, ಗಟ್ಟಿ. ಮಂಜಯ್ಯನವರ ಹೊಟ್ಟೆ ಒತ್ತಿದ. ಆಹಾ!

"ಮಂಜಯ್ಯನವರೇ, ಒಂಚೂರು ಎದ್ದು ನಿಂತು ಹೊಟ್ಟೆ ಹೊರಗೆ ಹಾಕಿ!"

"ಯಾಕೋ?"

"ದೋಣಿಗೆ ಬೇಕು!"

ತೂಕ ಸರಿ ಮಾಡುತ್ತಾನೆ ಅಂದುಕೊಂಡು ಮಂಜಯ್ಯ ಎದ್ದು ಬಾಗಿ ನಿಂತರು. ಹೊಟ್ಟೆ ಕಲ್ಲಿಗೆ ತಾಗಿತು, ಬುಳುಕ್! ಮಂಜಯ್ಯ ನೀರಿಗೆ, ದೋಣಿ ಧಕ್ಕೆಗೆ. ದೋಣಿಗೆ ಒಂದು ಗೀರಿಲ್ಲ!

ತೊಟ್ಟಿಕ್ಕುತ್ತಾ ಬಂದ ಮಂಜಯ್ಯನವರಿಗೆ ತುಳಸಕ್ಕ ಒಣ ಪಂಚೆ ಕೊಟ್ಟು, ಕೈ ಮುಗಿದು ಕಳಿಸಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಮಳ್ಳಾ! ಮನುಷ್ಯರ ಹೊಟ್ಟೆ ಕೊಡ್ತಾರೇನೋ? ಹಳೇ ಟೈರು ಕಟ್ಟಬೇಕು, ಹಳೇ ಟೈರು!"

"ಹಳೇ ಟೈರೋ? ಹಾಗೇ ಮಾಡ್ತೆ ಆಯಿ!"

ಆಚೆ ಧಕ್ಕೆಯಲ್ಲಿ ಅಕ್ಕಸಾಲಿ ಮೋಹನ ಶೇಟರು ಸ್ಕೂಟರ್ ನಿಲ್ಲಿಸಿ ಚಾ ಕುಡಿಯಲು ಹೊರಟಿದ್ದರು.

"ಶೇಟರೇ, ನಿಮ್ಮ ಟೈರು ಹಳೇದೋ?"

"ಹಳೇದೇ ಮಾರಾಯಾ, ಸವೆದು ಬೋಳಾಗಿದೆ."

ಇನ್ನೇನು ಬೇಕು! ಶೇಟರು ಚಾ ಕುಡಿದು ಬರುವಷ್ಟರಲ್ಲಿ ಸ್ಕೂಟರು ಕಾಲು ಮಡಚಿದ ಎಮ್ಮೆಯ ಹಾಗೆ ಕೂತಿತ್ತು. ಟೈರುಗಳು ದೋಣಿಯ ಪಕ್ಕಕ್ಕೆ ನೇತಾಡುತ್ತಿದ್ದವು. ಶೇಟರು ಕೂಗಿದರು, ಬೈದರು, ಕುಣಿದರು. ಕುಣಿದು ಸುಸ್ತಾಗಿ ಒಮ್ಮೆ ಬಗ್ಗಿ ನೋಡಿದರು. ಕಲ್ಲು ಎಲ್ಲಿ ತಾಗುತ್ತದೋ ಸರಿಯಾಗಿ ಅಲ್ಲೇ ಟೈರು, ಒಂದು ಬೆರಳು ಮೇಲಿಲ್ಲ, ಒಂದು ಬೆರಳು ಕೆಳಗಿಲ್ಲ. "ಕದ್ದರೂ ಕಟ್ಟಿದ್ದು ಚೆಂದ ಉಂಟು" ಅಂದರು.

ಶೇಟರ ಟೈರು ಶೇಟರಿಗೆ ಹೋಯಿತು. ತುಳಸಕ್ಕ ತಾನೇ ಗ್ಯಾರೇಜಿಗೆ ಹೋಗಿ ಬಿಸಾಡಿದ ಟೈರು ಬೇಡಿ ತಂದು ಮಗನ ಮುಂದೆ ಹಾಕಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಮಳ್ಳಾ! ಇನ್ನೊಬ್ಬರದ್ದು ಮುಟ್ಟಿದರೆ ನೋಡು! ಟೈರು ಸಾಲದಿದ್ದರೆ ನಿನ್ನ ಮೈ ಕೊಡು!"

"ಹಾಗೇ ಮಾಡ್ತೆ ಆಯಿ!"

ಸಿಟ್ಟಿನ ಮಾತು. ತುಳಸಕ್ಕ ಮರೆತೂ ಬಿಟ್ಟಳು.

ಒಂದು ಮಧ್ಯಾಹ್ನ ಪಡುವಣ ಗಾಳಿ ಎದ್ದಿತು. ಹೊಳೆ ಕಪ್ಪಾಯಿತು, ಅಲೆ ಧಕ್ಕೆ ಹತ್ತಿ ಬಂತು. ಎಲ್ಲರೂ ದೋಣಿ ಬಿಗಿದು ಕಟ್ಟಿ ಮನೆಗೆ ಓಡಿದರು. ಜಟ್ಟು ಮಾತ್ರ ಬರಲಿಲ್ಲ. ತುಳಸಕ್ಕ ಗೋಣಿ ತಲೆಗೆ ಹಾಕಿಕೊಂಡು ಓಡಿದಳು. ಕಲ್ಲಿಗೆ ದೋಣಿ ಬಡಿಯುವ ಸದ್ದು, ಧಡ್! ಧಡ್! ಫೈಬರ್ ಸೀಳುವ ಸದ್ದು, ಚಟ್!

ನೋಡುತ್ತಾಳೆ, ಅವಳ ದೋಣಿಯ ಉದ್ದಕ್ಕೂ ಟೈರು. ಮೂತಿಯ ಹತ್ತಿರ ಟೈರು ಸಾಲದ ಕಡೆ ಅವಳ ಮಗ! ಬೆನ್ನು ಕಲ್ಲಿಗೆ, ಕಾಲು ದೋಣಿಗೆ. ಅಲೆ ಬಂದರೆ ಮೊಣಕಾಲು ಮಡಚುತ್ತಾನೆ, ಅಲೆ ಹೋದರೆ ಒದೆಯುತ್ತಾನೆ. ನೀರು ಏರಿದರೆ ಹಗ್ಗ ಸಡಿಲ ಬಿಡುತ್ತಾನೆ, ಇಳಿದರೆ ಎಳೆಯುತ್ತಾನೆ.

"ಸಾಕೋ ತಮಾ! ಮೇಲೆ ಬಾರೋ!" ಅಂತ ಕೂಗಿದಳು. ಗಾಳಿಗೆ ಏನೂ ಕೇಳಿಸಲಿಲ್ಲ. ಕಲ್ಲು ಹಿಡಿದು ಕೂತು ಮಗನನ್ನೇ ನೋಡಿದಳು. ಹೆದರಿ ಕಂಡ ದೇವರನ್ನೆಲ್ಲ ಕರೆದಳು. ಆದರೂ ಕಣ್ಣು ಕೀಳಲು ಆಗಲಿಲ್ಲ, ಅಷ್ಟು ಚೆಂದ ಮಾಡುತ್ತಿದ್ದ.

ಗಾಳಿ ನಿಂತಿತು. ದೋಣಿಯವರು ಒಬ್ಬೊಬ್ಬರೇ ಬಂದರು. ಒಬ್ಬನ ದೋಣಿಗೆ ತೂತು, ಒಬ್ಬನದಕ್ಕೆ ಬಿರುಕು. ಮೂತಿಯೇ ಒಡೆದುಹೋದ ಸುಬ್ಬು ಅಂಬಿಗ ಬಂದು ಜಟ್ಟುವಿನ ದೋಣಿಯ ಮೈ ಸವರಿದ. ಇನ್ನೊಮ್ಮೆ ಸವರಿದ.

"ಒಂದು ಗೀರಿಲ್ಲ! ತುಳಸಕ್ಕಾ, ಇವನನ್ನಾ ನಾವು ಮಳ್ಳ ಅಂದದ್ದು?"

ಜಟ್ಟುವಿನ ಬೆನ್ನು ಸುಲಿದು ಕೆಂಪಾಗಿತ್ತು. ತುಳಸಕ್ಕ ಸೆರಗಿನಿಂದ ಮೆಲ್ಲಗೆ ಒರೆಸಿದಳು. ಹುಟ್ಟಿದಾಗಿನಿಂದ ಅವನನ್ನು ಬೈದವಳೇ ಹೊರತು ಹೊಗಳಿದವಳಲ್ಲ.

"ನೀನು ಗಟ್ಟಿಗ ತಮಾ! ನನ್ನ ಬಂಗಾರ! ಸಾಕು, ಇನ್ನು ದೋಣಿ ಬಿಡು. ಮನೆಗೆ ಬಾ, ಬಿಸಿ ಗಂಜಿ ಹಾಕ್ತೆ!"

"ಹಾಗೇ ಮಾಡ್ತೆ ಆಯಿ!"

ಅವಳು ಮುಂದೆ ಓಡಿ ಒಲೆ ಹಚ್ಚಿದಳು. ಮಗ ಬಂದ. ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿದಳು, ಗಂಜಿ ಬಡಿಸಿದಳು, ಮೇಲೆ ತುಪ್ಪ ಸುರಿದಳು.

"ಹಗ್ಗ ಸಮಾ ಕಟ್ಟಿ ಬಂದೆ ಅಲ್ಲವಾ ತಮಾ?"

"ಕಟ್ಟೂದಾ? ನೀನೇ ದೋಣಿ ಬಿಡು ಅಂದೆಯಲ್ಲ ಆಯಿ! ಬಿಚ್ಚಿ ಬಿಟ್ಟೆ!"

ತುಳಸಕ್ಕ ಸೌಟು ಹಿಡಿದೇ ಓಡಿದಳು. ಹೊಳೆಯ ನಡುವೆ ಇಳಿತದ ನೀರಿನ ಜೊತೆ ದೋಣಿ ಕಡಲ ಕಡೆ ಹೊರಟಿತ್ತು.

"ಹಿಡೀರೋ! ಯಾರಾದರೂ ಹಿಡೀರೋ!"

ಸುಬ್ಬು ತಲೆ ಕೆರೆದುಕೊಂಡ. "ಅಳಿವೆಯ ಮರಳಿಗೆ ಹೋಗಿ ಕೂರ್ತದೆ ತುಳಸಕ್ಕ, ಹೆದರಬೇಡ. ಹಿಡಿಯಲು ಹೋಗುವಾ ಅಂದರೆ, ಇಡೀ ಕುರ್ವೆಯಲ್ಲಿ ತೇಲುವ ದೋಣಿ ಅಂತ ಉಳಿದದ್ದು ಅದೊಂದೇ!"

ಜಟ್ಟು ಗಂಜಿ ಬಟ್ಟಲು ಹಿಡಿದುಕೊಂಡೇ ಬಂದು ಅಮ್ಮನ ಪಕ್ಕ ನಿಂತ. ಒಂದು ಗುಟುಕು ಸುರಿದು, ಎದೆ ಉಬ್ಬಿಸಿ ಹೇಳಿದ:

"ನೋಡು ಆಯಿ, ಎಷ್ಟು ಚೆಂದ ಹೋಗ್ತಾ ಉಂಟು! ಎಲ್ಲಿಗೂ ತಾಗೂದೇ ಇಲ್ಲ!"