ಕೆಂಚಪ್ಪನ ಮದುವೆಯ ದಿಬ್ಬಣ

ಒಂದು ಕಾಡಿನಲ್ಲಿ ಕೆಂಚಪ್ಪ ಎಂಬ ನರಿ ಇತ್ತು. ಆಲದ ಮರದ ಕೆಳಗೆ ಅದರದೊಂದು ಗ್ಯಾರೇಜು. ಕಾಡಿಗೆಲ್ಲ ಇದ್ದ ಗಾಡಿಗಳು ಮೂರೇ. ಕರಡಿ ಭರಮಣ್ಣನ ಜೀಪಿಗೆ ಕ್ಲಚ್ ತುಳಿದು ಗೇರ್ ಹಾಕಬೇಕು. ನವಿಲು ಸೋನಕ್ಕನ ಕಾರು ಗೇರನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಮೊಲ ಪುಟ್ಟವೀರನ ಕಾರಿನಲ್ಲಿ ಗೇರಿನ ಹಲ್ಲುಗಳ ಬದಲು ಒಂದು ಬೆಲ್ಟು!

ಓಡುವ ಗಾಡಿಯಲ್ಲಿ ಏನಾದರೂ ಸವೆಯಲೇಬೇಕಲ್ಲ? ಜೀಪಿನ ಕ್ಲಚ್ ಪ್ಲೇಟು ಸವೆಯಿತು. ಸೋನಕ್ಕನ ಕಾರಿನ ಗೇರ್ ಎಣ್ಣೆ ಸುಟ್ಟು ಕಪ್ಪಾಯಿತು. ಪುಟ್ಟವೀರನ ಬೆಲ್ಟು ಬಿರುಕು ಬಿಟ್ಟಿತು. ಮೂವರೂ ಪೇಟೆಯಿಂದ ಹೊಸ ಸಾಮಾನು ತಂದು ಕೆಂಚಪ್ಪನಿಗೆ ಕೊಟ್ಟರು.

ಕೆಂಚಪ್ಪ ಮಹಾ ಕಿಲಾಡಿ. ಪಕ್ಕದ ಕಾಡಿನಲ್ಲಿ ಮಾರಲೆಂದು ಹೊಸದನ್ನೆಲ್ಲ ಗುಹೆಯಲ್ಲಿ ಬಚ್ಚಿಟ್ಟಿತು. ಹಳೇ ಪ್ಲೇಟನ್ನು ಉಜ್ಜಿ, ಹಳೇ ಎಣ್ಣೆಯನ್ನು ಸೋಸಿ, ಹಳೇ ಬೆಲ್ಟಿಗೆ ಮಸಿ ಬಳಿದು ಮತ್ತೆ ಹಾಕಿತು.

“ಹಳೇ ಪ್ಲೇಟು ಎಲ್ಲಪ್ಪಾ?” ಎಂದು ಭರಮಣ್ಣ ಕೇಳಿತು.

“ಮನೇಲಿಟ್ಟರೆ ಅಪಶಕುನ ಅಣ್ಣಾ, ಹೊಳೆಗೆ ಬಿಟ್ಟೆ!”

ಪಾಪ, ಭರಮಣ್ಣ ಕೈಮುಗಿದು ಹೋಯಿತು.

ಮುಂದಿನ ವಾರವೇ ಕೆಂಚಪ್ಪನ ಮದುವೆ. ಹೆಣ್ಣು ಗುಡ್ಡದ ಮೇಲಿನ ಚೆನ್ನಾಜಿ. ಮಧ್ಯಾಹ್ನದೊಳಗೆ ಮುಹೂರ್ತ. ಮೂರೂ ಗಾಡಿಗಳಲ್ಲಿ ದಿಬ್ಬಣ ಹೊರಟಿತು. ಡೋಲು, ಪೀಪಿ, ಕೇಕೆ! ಆ ಸಂಭ್ರಮದಲ್ಲಿ ಕೆಂಚಪ್ಪನಿಗೆ ತನ್ನ ಕಿತಾಪತಿಯೇ ಮರೆತುಹೋಗಿತ್ತು.

ಏರು ಬಂತು. ಜೀಪು ಗುಂಯ್ ಎಂದು ಅರಚಿತೇ ಹೊರತು ಒಂದಡಿಯೂ ಏರಲಿಲ್ಲ. ಮದುಮಗ ಬಾಸಿಂಗ ಹಿಡಿದುಕೊಂಡು ಸೋನಕ್ಕನ ಕಾರಿಗೆ ಹಾರಿತು. ಅದಕ್ಕೆ ಗೇರೇ ಹಿಡಿಯಲಿಲ್ಲ. ಸುಟ್ಟ ವಾಸನೆ ಬೇರೆ! ಅಲ್ಲಿಂದ ಪುಟ್ಟವೀರನ ಕಾರಿಗೆ ಹಾರಿತು. ಟಪ್! ಬೆಲ್ಟು ಹರಿಯಿತು.

“ಹೊಸ ಬೆಲ್ಟು ಕಣೋ!” ಪುಟ್ಟವೀರ ಅಳುವಂತಾಯಿತು.

ಸೂರ್ಯ ನೆತ್ತಿಗೆ ಬರುತ್ತಿದ್ದ. ಕೆಂಚಪ್ಪ ಕುಣಿದಾಡಿತು. “ಓಡ್ರೋ! ನನ್ನ ಗುಹೇಲಿ ಹುಲ್ಲಿನ ಕೆಳಗೆ ಹೊಸ ಪ್ಲೇಟು, ಎಣ್ಣೆ, ಬೆಲ್ಟು ಎಲ್ಲಾ ಇದೆ!”

ಡೋಲು ನಿಂತಿತು. ಕೆಂಚಪ್ಪ ಬಾಯಿ ಮುಚ್ಚಿಕೊಂಡಿತು.

“ಹಾಗಾದ್ರೆ ನನ್ನ ಜೀಪಿನೊಳಗೆ ಇರೋದು ಏನಪ್ಪಾ, ಮದುಮಗನೇ?” ಎಂದು ಭರಮಣ್ಣ ಕೇಳಿತು.

ಮುಹೂರ್ತ ಮೀರಿತು. ಗಂಡು ಬರಲಿಲ್ಲವೆಂದು ಚೆನ್ನಾಜಿಯೇ ಗುಡ್ಡ ಇಳಿದು ಬಂತು. ಸಂಗತಿ ಕೇಳಿ ಅದಕ್ಕೆ ಕೆಂಡದಂಥ ಕೋಪ ಬಂತು, ಹಿಂದೆಯೇ ನಗುವೂ ಬಂತು.

“ಗೋಧೂಳಿ ಲಗ್ನ ಇನ್ನೂ ಇದೆ. ಅಷ್ಟರಲ್ಲಿ ಮೂರೂ ಗಾಡಿ ಸರಿಮಾಡು. ಇಲ್ಲದಿದ್ರೆ ನಿನಗೆ ಹೆಣ್ಣಿಲ್ಲ!”

ಪುಟ್ಟವೀರ ಚಂಗನೆ ಓಡಿ ಸಾಮಾನು ತಂದಿತು. ಮದುಮಗ ಜೀಪಿನ ಕೆಳಗೆ ನುಸುಳಿತು. ಹೆಣ್ಣಿನ ಕಡೆಯವರು ಊಟವನ್ನು ಅಲ್ಲಿಗೇ ಹೊತ್ತು ತಂದರು. ಎಲ್ಲರೂ ಹೋಳಿಗೆ ಚಪ್ಪರಿಸಿದರು. ಕೆಂಚಪ್ಪನ ಬಾಯಿಗೆ ಬಿದ್ದದ್ದು ಬರೀ ಗ್ರೀಸು. ಮಾಡಿದ್ದುಣ್ಣೋ ಮಹರಾಯ!

ಸಂಜೆ ಮೂರೂ ಗಾಡಿಗಳು ಸರಸರನೆ ಗುಡ್ಡ ಹತ್ತಿದವು. ಮೈಯೆಲ್ಲ ಮಸಿಯಾದ ಕೆಂಚಪ್ಪ ಹಲ್ಲು ಕಿರಿದು ಹಸೆಮಣೆ ಏರಲು ಹೋಯಿತು. ಚೆನ್ನಾಜಿ ತಡೆಯಿತು.

“ಹಳೇ ಸಾಮಾನು ಎಲ್ಲಿ? ತೋರಿಸು!”

ಕೆಂಚಪ್ಪ ಸವೆದ ಪ್ಲೇಟು, ಕಪ್ಪು ಎಣ್ಣೆ, ಹರಿದ ಬೆಲ್ಟು ತಂದು ಮುಂದಿಟ್ಟಿತು. ಚೆನ್ನಾಜಿ ಆ ಬೆಲ್ಟನ್ನೇ ಎತ್ತಿ, ಹೂವಿನ ಹಾರದ ಬದಲು ಮದುಮಗನ ಕೊರಳಿಗೆ ಹಾಕಿ ಗಂಟು ಬಿಗಿಯಿತು. ಇಡೀ ಕಾಡು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಹಳೇ ಸಾಮಾನನ್ನು ಕೈಗೆ ಕೊಡದೆ ಕೆಂಚಪ್ಪ ಯಾರ ಗಾಡಿಯನ್ನೂ ಕಳಿಸಲಿಲ್ಲ.

ನೀತಿ: ಬೇರೆಯವರಿಗೆ ಮಾಡಿದ ಮೋಸ ಒಂದು ದಿನ ನಮ್ಮ ದಾರಿಗೇ ಅಡ್ಡ ಬರುತ್ತದೆ.