ಕೇಳದೆ ಊರು ಬರೆದ ಪುಟ

"ಕೇಳಿರಯ್ಯಾ ಕೇಳಿ. ಅರಮನೆಯ ಅರ್ಜಿ ಪುಟ ಕೆಟ್ಟಿದೆ. ರಾಜಕುಮಾರಿ ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಶುಕ್ರವಾರ ಹೋಗುತ್ತದೆ, ನೀಲಾಂಬೆಯ ತಲೆಯ ಜೊತೆಗೆ."

ಕರಿಬೆಟ್ಟದ ಬೀದಿಗಳಲ್ಲಿ ಡಂಗುರ ಹೀಗೆ ಸಾರಿತು.

ಆ ರಾಜ್ಯದಲ್ಲಿ ಬಿತ್ತನೆ ಬೀಜ ಬೇಕಾದವರು ಕಂಪ್ಯೂಟರಿನಲ್ಲೇ ಅರ್ಜಿ ಹಾಕಬೇಕು. ಪುಟ ಕಟ್ಟಿದವಳು ಮುದುಕಿ ನೀಲಾಂಬೆ. ಅದರ ಗುಂಡಿ, ಪಟ್ಟಿ, ಪೆಟ್ಟಿಗೆಗಳೆಲ್ಲ ಪರದೇಶದವರು ಮಾಡಿಟ್ಟ, ಲೈಬ್ರರಿ ಎಂಬ ಸಿದ್ಧ ಭಾಗಗಳ ಕಟ್ಟಿನವು. ಕಳೆದ ತಿಂಗಳು ಅರಮನೆಯವರು ಅದರ ಹೊಸ ಆವೃತ್ತಿ ಹಾಕಿಸಿದರು. ಮರುದಿನದಿಂದ ಅರ್ಜಿಗಳು ಅರೆಬರೆ ಬಂದವು. ನೀಲಾಂಬೆಯನ್ನು ಸೆರೆಗೆ ಹಾಕಿದರು.

ರಾಜಕುಮಾರಿ ಕನಕಾಂಬೆ ಮೊದಲ ಒಗಟು ಕೇಳಿದಳು. "ಮಾತು ಮುಗಿಯುವ ಮೊದಲೇ ಓಲೆ ಕಿತ್ತುಕೊಂಡು ಓಡುವ ದೂತ ಯಾರು?"

"ಶತ್ರುವಿನ ಗೂಢಚಾರ," ಎಂದ ಮಂತ್ರಿಯ ಅಳಿಯ. ಸೆರೆಗೆ ಹೋದ.

"ರಾಹು," ಎಂದರು ಶಂಭು ಜೋಯಿಸರು. ಅವರೂ ಹೋದರು.

ಆಮೇಲೆ ಬಂದವನು ಹೊನ್ನೂರ. ಕೋಟೆ ಬಾಗಿಲಲ್ಲಿ ಕೂತು, ಓದು ಬಾರದವರ ಅರ್ಜಿ ತುಂಬಿಕೊಡುವವನು.

"ಜೋಯಿಸರಿಗಿಂತ ನೀನು ಹೆಚ್ಚೇನೋ?" ಎಂದ ಕಾವಲುಗಾರ.

"ಗ್ರಹ ಗೊತ್ತಿಲ್ಲ ಅಣ್ಣ. ಗುಂಡಿ ಗೊತ್ತು."

ರಾಜಕುಮಾರಿಗೆ ಕೈಮುಗಿದ. "ಅದು ಗುಂಡಿ, ಅಮ್ಮಣ್ಣಿ. 'ಇನ್ನೊಂದು ಹೊಲ ಸೇರಿಸು' ಎಂಬುದನ್ನು ಒತ್ತಿದರೆ ಮೊದಲು ಇನ್ನೊಂದು ಸಾಲು ಬರುತ್ತಿತ್ತು. ಈಗ ಅರ್ಧ ಅರ್ಜಿಯನ್ನೇ ಕಳಿಸಿಬಿಡುತ್ತದೆ. ಕಳಿಸುವುದು ನಿನ್ನ ಕೆಲಸವಲ್ಲ ಎಂದು ಅದಕ್ಕೀಗ ಬಿಡಿಸಿ ಹೇಳಬೇಕು."

ಕನಕಾಂಬೆ ಎರಡನೆಯದು ಕೇಳಿದಳು. "ಬಾಗಿಲು ತೆರೆದು ಕರೆಯುತ್ತದೆ, ಪಕ್ಕದ ಅಂಗಳ ಮುಟ್ಟಿದರೆ ಮುಚ್ಚಿಕೊಳ್ಳುತ್ತದೆ. ಯಾವ ಮನೆ?"

"ಬೀಜದ ಪಟ್ಟಿ. ಒತ್ತಿದರೆ ತೆರೆಯುತ್ತದೆ, ಹೊರಗೆಲ್ಲಿ ಬೆರಳು ತಗುಲಿದರೂ ಈಗ ಮುಚ್ಚುತ್ತದೆ. ನಮ್ಮವರ ಬೆರಳು ದಪ್ಪ."

ಅವಳು ನಕ್ಕಳು. "ಮೊನ್ನೆವರೆಗೆ ತುಂಬಿತ್ತು, ಈಗ ಬರಿದು. ಕದ್ದವರಿಲ್ಲ. ಏನದು?"

ಹೊನ್ನೂರ ಸಿಂಹಾಸನದತ್ತ ನೋಡಿದ. ಉತ್ತರ ಅರಸರಿಗೇ ತಟ್ಟುವಂಥದ್ದು.

"ಊರಿನ ಪೆಟ್ಟಿಗೆ. ಮೊದಲು ಊರು ಆರಿಸದಿದ್ದರೆ ಪಟ್ಟಿಯ ಮೊದಲ ಹೆಸರು ತಾನೇ ಕೂರುತ್ತಿತ್ತು. ಈಗ ಖಾಲಿ ಬರುತ್ತದೆ. ಅದು ಕೆಟ್ಟಿಲ್ಲ, ಅಮ್ಮಣ್ಣಿ. ಈಗಲೇ ಸರಿ. ಹಿಂದಿನದು ತಪ್ಪು."

"ಮೊದಲ ಹೆಸರು ಯಾವುದು?"

"ಅಗಸೆಗುಡ್ಡ."

ಅರಸ ಎದ್ದು ನಿಂತ. ವರ್ಷವರ್ಷವೂ ಅಗಸೆಗುಡ್ಡದಲ್ಲಿ ಬಿತ್ತಲು ಹೊಲವಿಲ್ಲದಷ್ಟು ಬೀಜ ರಾಶಿ ಬಿದ್ದು ಮುಗ್ಗುತ್ತಿತ್ತು.

"ಬೀಜ ಬರಲಿಲ್ಲ ಎಂದವರನ್ನು ಸುಳ್ಳರೆಂದು ಅಟ್ಟಿದೆನಲ್ಲ," ಎಂದ. "ನಿನಗೆ ಹೇಗೆ ತಿಳಿಯಿತು?"

"ಏನೇನು ಬದಲಾಗಿದೆ ಎಂದು ಲೈಬ್ರರಿಯವರೇ ಬರೆದು ಕಳಿಸಿದ್ದರು, ಬುದ್ಧಿ. ನೀಲಾಂಬೆ ಅಜ್ಜಿ ಅದನ್ನು ಅರಮನೆಗೆ ಕೊಟ್ಟು, ಸರಿಪಡಿಸಲು ಎಂಟು ದಿನ ಕೇಳಿದ್ದರು. ಯಾರೂ ಓದಲಿಲ್ಲ, ದಿನವನ್ನೂ ಕೊಡಲಿಲ್ಲ. ನನಗೆ ಆ ಹಾಳೆ ಮಂಡಕ್ಕಿ ಪೊಟ್ಟಣವಾಗಿ ಸಿಕ್ಕಿತು. ಓದು ಕಲಿಸಿದ್ದು ಅಜ್ಜಿಯೇ."

"ಏನು ಬೇಕು, ಕೇಳು."

"ಅಜ್ಜಿಯನ್ನು ಬಿಡಿ. ಆ ಇಬ್ಬರನ್ನೂ ಬಿಡಿ. ಪಾಪ, ಅವರು ಯಾವತ್ತೂ ಅರ್ಜಿ ತುಂಬಿದವರಲ್ಲ."

ನೀಲಾಂಬೆ ಬಂದಾಗ ಅರಸ ಕೈಮುಗಿದ. "ಎಂಟು ದಿನ ಕೊಡಿ," ಎಂದಳು. ಕೊಟ್ಟ. ಹೊನ್ನೂರನನ್ನು ಪುಟದ ಅಧಿಕಾರಿ ಮಾಡಿದ.

ಆ ವರ್ಷ ಬೀಜ ಕೇಳಿದವರ ಊರಿಗೇ ಹೋಯಿತು. ಪುಟದ ಕೊನೆಯಲ್ಲಿ ಹೊನ್ನೂರ ಒಂದು ಸಾಲು ಸೇರಿಸಿದ. ಅದು ಇವತ್ತಿಗೂ ಇದೆ:

'ಬದಲಾದದ್ದನ್ನು ಬರೆದಿಟ್ಟವರೇ, ನಿಮ್ಮ ಮುಖ ನಾವು ಕಂಡಿಲ್ಲ. ನಿಮ್ಮಿಂದ ನಮ್ಮಜ್ಜಿ ಉಳಿದಳು.'