ಸಲಹೆ ಸಾಹೇಬನೂ ಮೆಲೂರಜ್ಜಿಯ ದುರಿಯನ್ ತೋಪೂ

ಏಳು ಕಡಲು ದಾಟುವುದು ಬೇಡ, ಮೂಡಲ ಕಡಲೊಂದನ್ನು ದಾಟಿದರೆ ಸಾಕು, ಮಲಯ ದೇಶ ಸಿಗುತ್ತದೆ. ಅಲ್ಲಿ ಹೊಳೆ ಕಡಲಿಗೆ ಸೇರುವ ಒಂದೂರಿನಲ್ಲಿ ಒಬ್ಬ ಸುಲ್ತಾನನಿದ್ದನಂತೆ. ಒಳ್ಳೆಯವನೇ, ಆದರೆ ಮಹಾ ಪುಕ್ಕಲ.

ಒಂದು ದಿನ ಹೊಗೆಹಡಗಿನಲ್ಲಿ ಒಬ್ಬ ಬಿಳಿ ಸಾಹೇಬ ಬಂದಿಳಿದನಂತೆ. "ನಾನು ಆಳಲು ಬಂದವನಲ್ಲ, ಬರೀ ಸಲಹೆ ಕೊಡಲು ಬಂದವನು" ಅಂದ. ಒಂದು ಕಾಗದಕ್ಕೆ ಸುಲ್ತಾನನ ಮುದ್ರೆ ಒತ್ತಿಸಿಕೊಂಡ. ಎಲ್ಲದಕ್ಕೂ ಸಾಹೇಬನ ಸಲಹೆ ಕೇಳಬೇಕು, ಅವನು ಹೇಳಿದ್ದನ್ನು ನಡೆಸಲೇಬೇಕು. ಧರ್ಮ ಮತ್ತು ಊರ ಪದ್ಧತಿ ಮಾತ್ರ ಸುಲ್ತಾನನಿಗೆ ಬಿಟ್ಟಿದ್ದು ಅಂತ ಅದರಲ್ಲಿ ಬರೆದಿತ್ತು. ನಡೆಸಲೇಬೇಕಾದದ್ದು ಅದೆಂಥ ಸಲಹೆ ಅಂತ ನೀವು ಕೇಳಬಹುದು. ಊರವರೂ ಕೇಳಿದರಂತೆ, ಮೆಲ್ಲಗೆ.

ಮೊದಲು ಹೊಳೆಯ ಸುಂಕ ಹೋಯಿತು. ಆಮೇಲೆ ತವರದ ಗಣಿ ಹೋಯಿತು. ಆಮೇಲೆ ಕಾಡು ಹೋಯಿತು. ಪ್ರತಿ ಸಲವೂ ಸುಲ್ತಾನ "ಸಾಹೇಬರು ಹೇಳಿದ ಹಾಗೇ ಆಗಲಿ" ಅಂದನಂತೆ.

ಆ ಊರಲ್ಲಿ ಮೆಲೂರ್ ಅನ್ನುವ ಒಬ್ಬ ಅಜ್ಜಿ ಇದ್ದಳು. ಕೊನೆಗೆ ಸಾಹೇಬನ ಕಣ್ಣು ಗುಡ್ಡದ ಮೇಲಿನ ಅವಳ ತೋಪಿನ ಮೇಲೆ ಬಿತ್ತು. ಅಲ್ಲಿ ಅವಳ ಮುತ್ತಜ್ಜಿ ನೆಟ್ಟ ಏಳು ದುರಿಯನ್ ಮರಗಳಿದ್ದವು. ದುರಿಯನ್ ಅಂದರೆ ನಮ್ಮ ಹಲಸಿನ ದಾಯಾದಿ ಅಂದುಕೊಳ್ಳಿ. ಮೈಯೆಲ್ಲ ಮುಳ್ಳು, ಒಳಗೆ ಬೆಣ್ಣೆ, ವಾಸನೆ ಮೂರೂರಿಗೆ. ಹಣ್ಣಿನ ಕಾಲ ಬಂದರೆ ಊರಿಗೆ ಊರೇ ಅಲ್ಲಿರುತ್ತಿತ್ತು. ಸಾಹೇಬ, "ಇಲ್ಲಿ ಗಾಳಿ ತಂಪಾಗಿದೆ. ಮರ ಕಡಿಸಿ, ನನಗೆ ಬಂಗಲೆ ಬೇಕು" ಅಂದ.

ಸುದ್ದಿ ಅಜ್ಜಿಯ ಕಿವಿಗೆ ಬಿತ್ತು. ನೆಟ್ಟಗೆ ಅರಮನೆಗೆ ಹೋದಳು.

"ನಾನೇನು ಮಾಡಲಿ ಅಜ್ಜಿ? ಮುದ್ರೆ ಒತ್ತಿಬಿಟ್ಟಿದ್ದೇನೆ" ಅಂದ ಸುಲ್ತಾನ.

"ಒಡೆಯರು ಆ ಕಾಗದವನ್ನು ಕೊನೆತನಕ ಓದಿಸಿದ್ದೀರಾ?"

ಓದಿಸಿರಲಿಲ್ಲ. ಕರಣಿಕ ಬಂದು ಕೊನೆಯ ಸಾಲಿನ ತನಕ ಓದಿದ: ಧರ್ಮ ಮತ್ತು ಊರ ಪದ್ಧತಿ ಸುಲ್ತಾನನಿಗೆ ಬಿಟ್ಟಿದ್ದು.

"ನೆಲ ಯಾರದ್ದೇ ಇರಲಿ, ಮರ ನೆಟ್ಟವರದ್ದು. ಇದು ಸುಂಕವೋ, ಗಣಿಯೋ, ಪದ್ಧತಿಯೋ? ನೀವೇ ಹೇಳಿ" ಅಂದಳು ಅಜ್ಜಿ.

ಸುಲ್ತಾನ ಎದ್ದು ಕೂತ. "ಪದ್ಧತಿ!"

ಮಾರನೆಯ ದಿನ ಸಾಹೇಬನ ಮುಂದೆ ಸುಲ್ತಾನ ಕಂಬ ಹಿಡಿದುಕೊಂಡೇ ನಿಂತನಂತೆ. ಆದರೂ ಮಾತು ಹೊರಬಂತು ನೋಡಿ: "ಮರ ಕಡಿಯುವ ಹಾಗಿಲ್ಲ. ಪದ್ಧತಿ."

"ಎಲ್ಲಿ ಬರೆದಿದೆ?"

"ಎಲ್ಲೂ ಬರೆದಿಲ್ಲ. ನಮ್ಮೂರಲ್ಲಿ ಎಲ್ಲರಿಗೂ ಗೊತ್ತು."

ಸಾಹೇಬ ಕೆಂಪಗಾದ. "ಆಗಲಿ, ಮರ ನಿಮ್ಮದೇ ಇರಲಿ. ನೆಲ ನನ್ನದು. ಮರದ ಬುಡದಲ್ಲೇ ಕಟ್ಟುತ್ತೇನೆ!"

"ಹಣ್ಣಿನ ಕಾಲ ಒಂದು ನೋಡಿಕೊಂಡು ಕಟ್ಟಿ ಸ್ವಾಮಿ" ಅಂದಳು ಸುಲ್ತಾನನ ಜೊತೆ ಬಂದಿದ್ದ ಅಜ್ಜಿ, ಪಾಪ ಅನಿಸಿ.

"ನಿನ್ನ ಸಲಹೆ ನನಗೆ ಬೇಡ" ಅಂದನಂತೆ ಸಲಹೆ ಸಾಹೇಬ.

ಬಂಗಲೆ ಎದ್ದಿತು. ಕೆಂಪು ಹೆಂಚು, ಬಿಳಿ ಗೋಡೆ, ಮುಂದೆ ಜಗಲಿ. ಹಣ್ಣಿನ ಕಾಲವೂ ಬಂತು. ಮೊದಲ ದಿನ ಒಂದು ಹಣ್ಣು ಧಡ್ ಅಂತ ಬಿತ್ತು, ಹತ್ತು ಹೆಂಚು ಹೋದವು. ಎರಡನೆಯ ದಿನ ಇನ್ನೊಂದು ಧಡ್ ಅಂತ ಬಿತ್ತು, ಚಹಾದ ಮೇಜು ಹೋಯಿತು. ಮೂರನೆಯ ದಿನ ಸಾಹೇಬ ಕುರ್ಚಿಯಿಂದ ಎದ್ದನೋ ಇಲ್ಲವೋ, ಧಡ್! ಕುರ್ಚಿ ಪುಡಿಪುಡಿ.

ಸಾಹೇಬ ಅರಮನೆಗೆ ಓಡಿಬಂದ. "ಹಣ್ಣೆಲ್ಲ ಈಗಿಂದೀಗಲೇ ಕೀಳಿಸಿ!"

ಈ ಸಲ ಸುಲ್ತಾನ ಕಂಬ ಹಿಡಿಯಲಿಲ್ಲ. "ಕೀಳುವ ಹಾಗಿಲ್ಲ ಸಾಹೇಬರೇ. ದುರಿಯನ್ ಹಣ್ಣು ಮಾಗಿ ತಾನೇ ಬೀಳಬೇಕು, ನಾವು ಕಾಯಬೇಕು. ಪದ್ಧತಿ."

"ಹಾಗಾದರೆ ನಾನೇನು ಮಾಡಲಿ?"

"ಸಲಹೆ ಕೇಳುತ್ತಿದ್ದೀರಾ? ಹೊಳೆಯಾಚೆ ಮನೆ ಮಾಡಿ. ನಡೆಸಲೇಬೇಕು ಅಂತೇನಿಲ್ಲ."

ಅವತ್ತು ಸಂಜೆಯೊಳಗೆ ಸಾಹೇಬನ ಪೆಟ್ಟಿಗೆಗಳೆಲ್ಲ ದೋಣಿ ಹತ್ತಿದವಂತೆ.

ಸುಂಕ ಬರಲಿಲ್ಲ, ಗಣಿ ಬರಲಿಲ್ಲ, ಕಾಡೂ ಬರಲಿಲ್ಲ. ಅದು ಬೇಜಾರಿನ ಮಾತೇ. ಆದರೆ ಏಳು ಮರವೂ ಉಳಿದವು. ಊರವರು ಸಾಹೇಬನ ಜಗಲಿಯ ಮೇಲೆ, ಗಟ್ಟಿ ಮಾಡು ಇದ್ದ ಮೂಲೆ ನೋಡಿಕೊಂಡು, ಹಣ್ಣು ಬೀಳುವುದನ್ನು ಕಾಯುತ್ತ ಕೂತರು. ಸುಲ್ತಾನನೂ ಬಂದ. ಮೆಲೂರಜ್ಜಿ ಮೊದಲ ಹಣ್ಣು ಸೀಳಿ ದೊಡ್ಡ ತೊಳೆಯನ್ನು ಅವನ ಕೈಗಿಟ್ಟು, "ತಿನ್ನಿ ಒಡೆಯರೇ, ಇದನ್ನು ನೀವೇ ಉಳಿಸಿದ್ದು" ಅಂದಳು. ಸುಲ್ತಾನ ಗಡ್ಡಕ್ಕೆಲ್ಲ ಮೆತ್ತಿಕೊಂಡು ತಿಂದನಂತೆ.

ಅವರು ಅಲ್ಲಿ ಕೈ ನೆಕ್ಕುತ್ತ ಕೂತಿದ್ದಾರೆ, ನಾವು ಇಲ್ಲಿ ಬಾಯಿ ಚಪ್ಪರಿಸುತ್ತ ಏಳೋಣ.